ಏಳು ಲಾವಕ್ಕಿ, ಒಂದು ಹಲಸಿನ ತೊಳೆ

ಹೈಸ್ಕೂಲಿನಲ್ಲಿ 26 ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವಳು ನಾನು. ಪ್ರಾಚೀನ ಈಜಿಪ್ಟ್ ಬಂತೆಂದರೆ ಎರಡು ಪಿರಿಯಡ್‌ಗೆ ಮುಗಿಸಿಬಿಡುತ್ತಿದ್ದೆ. ನೈಲ್ ನದಿ, ಫೇರೋ, ಪಿರಮಿಡ್, ಮಮ್ಮಿ. ‘ಮಮ್ಮಿ’ ಅಂದ ಕೂಡಲೇ ಹಿಂದಿನ ಬೆಂಚಿನ ಹುಡುಗರು ಕಿಸಕ್ಕನೆ ನಗೋರು. ಅವರನ್ನು ಗದರಿಸಿ, ‘ಸತ್ತ ಮೇಲೂ ಬದುಕಿದೆ ಎಂದು ಈಜಿಪ್ಟಿನವರು ನಂಬಿದ್ದರು’ ಅಂತ ಬೋರ್ಡಿನ ಮೇಲೆ ಒಂದು ವಾಕ್ಯ ಬರೆದು, ಕೆಳಗೆ ಗೆರೆ ಎಳೆದು, ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ, ಅಷ್ಟೇ.

ಆ ಒಂದು ವಾಕ್ಯದೊಳಗೆ ಏನೆಲ್ಲ ಇದೆ ಅಂತ ನನಗೆ ಗೊತ್ತಾಗಿದ್ದು ನಿವೃತ್ತಿಯಾದ ಮೇಲೆ, ಹೋದ ವರ್ಷದ ಮೇ ತಿಂಗಳಲ್ಲಿ, ಲಂಡನ್ನಿನಲ್ಲಿ.

ಮಗ ಅಲ್ಲಿ ಕೆಲಸದಲ್ಲಿದ್ದಾನೆ. ‘ಬಾ ಅಮ್ಮ, ಒಂದು ತಿಂಗಳು ಇದ್ದು ಹೋಗು’ ಅಂತ ಎರಡು ವರ್ಷದಿಂದ ಕರೀತಿದ್ದ. ಹೋದೆ. ಮೊದಲ ಶನಿವಾರವೇ ಬ್ರಿಟಿಷ್ ಮ್ಯೂಸಿಯಂಗೆ ಕರೆದುಕೊಂಡು ಹೋದ. ಒಳಗೆ ಹೋಗೋಕೆ ದುಡ್ಡಿಲ್ಲ ಅಂತ ಕೇಳಿ ನನಗೆ ಇನ್ನೂ ಖುಷಿಯಾಯಿತು. ಮೇಲಿನ ಮಹಡಿಯಲ್ಲಿ ಮಮ್ಮಿಗಳ ಕೋಣೆಗಳು. ಜನವೋ ಜನ. ಶಾಲೆಯ ಮಕ್ಕಳು ಗಾಜಿಗೆ ಮೂಗು ಒತ್ತಿ ನಿಂತಿದ್ದವು. ನಗೋ ಹುಡುಗರು ಅಲ್ಲೂ ಇದ್ದರು!

ಅಲ್ಲಿ ನನ್ನನ್ನು ಮೊದಲು ತಡೆದು ನಿಲ್ಲಿಸಿದ್ದು ಚಿನ್ನದ ಮುಖವಾಡವೂ ಅಲ್ಲ, ಬಣ್ಣದ ಪೆಟ್ಟಿಗೆಯೂ ಅಲ್ಲ. ಒಬ್ಬ ಮನುಷ್ಯ. ಗೆಬೆಲೈನ್ ಅನ್ನೋ ಊರಿನ ಮರಳಿನಲ್ಲಿ ಸಿಕ್ಕಿದವನು, ಸುಮಾರು 5,500 ವರ್ಷ ಹಿಂದಿನವನು. ಅವನ ಕಾಲಕ್ಕೆ ಪಿರಮಿಡ್ಡೂ ಇರಲಿಲ್ಲ, ಬಟ್ಟೆ ಸುತ್ತಿ ಮಮ್ಮಿ ಮಾಡುವ ವಿದ್ಯೆಯೂ ಬೆಳೆದಿರಲಿಲ್ಲ. ಬಿಸಿ ಮರಳಿನ ಗುಂಡಿಯಲ್ಲಿ ಇಟ್ಟಿದ್ದಾರೆ, ದೇಹ ತಾನಾಗಿ ಒಣಗಿ ಉಳಿದಿದೆ. ಮೊಣಕಾಲು ಎದೆಗೆ ಮಡಿಸಿ, ಚಳಿಗೆ ಮುದುರಿ ಮಲಗಿದ ಮಗುವಿನ ಹಾಗೆ ಮಲಗಿದ್ದಾನೆ. ಪಕ್ಕದಲ್ಲಿ ಮಡಕೆಗಳು.

‘ಮಡಕೆ ಯಾಕಮ್ಮ?’ ಅಂದ ಮಗ.

‘ಹಸಿವಾದರೆ ಬೇಕಲ್ಲಪ್ಪ’ ಅಂದೆ. ಮೇಷ್ಟರ ಉತ್ತರ. ಆದರೆ ಹೇಳಿದ ಮೇಲೆ ಗಂಟಲು ಯಾಕೋ ಕಟ್ಟಿದ ಹಾಗಾಯಿತು.

ಈಜಿಪ್ಟಿನವರ ನಂಬಿಕೆಯ ಬುಡದಲ್ಲಿ ಇರುವುದು ಈ ಹಸಿವೇ ನೋಡಿ. ಮನುಷ್ಯನೊಳಗೆ ‘ಕಾ’ ಅನ್ನೋ ಜೀವಶಕ್ತಿ ಇದೆ, ಸತ್ತ ಮೇಲೂ ಅದು ಉಳಿಯುತ್ತದೆ, ಅದಕ್ಕೆ ಊಟ ಬೇಕು ಅಂತ ಅವರು ತಿಳಿದಿದ್ದರು. ಎರಡು ಕೈ ಮೇಲೆತ್ತಿದ ಚಿತ್ರ ಬರೆದರೆ ಅದು ‘ಕಾ’. ದೇಹ ಕೆಟ್ಟರೆ ಅದಕ್ಕೆ ನೆಲೆ ಇಲ್ಲ. ಅದಕ್ಕೇ ಅಷ್ಟೆಲ್ಲ ಶ್ರಮ. ನ್ಯಾಟ್ರಾನ್ ಅನ್ನೋ ಉಪ್ಪಿನಲ್ಲಿ ದೇಹ ಒಣಗಿಸೋದು, ಎಣ್ಣೆ ಸವರೋದು, ಬಟ್ಟೆ ಸುತ್ತೋದು, ಎಲ್ಲ ಸೇರಿ 70 ದಿನದ ಕೆಲಸ. ಪಿತ್ತಜನಕಾಂಗ, ಶ್ವಾಸಕೋಶ, ಹೊಟ್ಟೆ, ಕರುಳು ಹೊರಗೆ ತೆಗೆದು ಕಾಪಿಡುತ್ತಿದ್ದರು. ಎಷ್ಟೋ ಕಾಲ ಅವುಗಳಿಗೆ ನಾಲ್ಕು ಜಾಡಿಗಳೇ ಇದ್ದವು. ಮಿದುಳನ್ನು ಮೂಗಿನಿಂದ ತೆಗೆದು ಬಿಸಾಡೋರು. ಹೃದಯವನ್ನು ಮಾತ್ರ ಎದೆಯೊಳಗೇ ಬಿಡೋರು. ಬುದ್ಧಿ, ನೆನಪು, ಒಳ್ಳೆಯದು ಕೆಟ್ಟದ್ದು ಎಲ್ಲ ಇರುವುದು ಹೃದಯದಲ್ಲಿ ಅಂತ ಅವರ ಲೆಕ್ಕ. ಹೂಳುವ ಮುಂಚೆ ಬಾಯಿ ತೆರೆಸುವ ಶಾಸ್ತ್ರ ಅಂತ ಒಂದಿತ್ತು. ಬಾಚಿಯಂಥ ಉಪಕರಣದಿಂದ ಸತ್ತವರ ಬಾಯಿ ಮುಟ್ಟಿಸುವುದು. ಉಸಿರಾಡಲಿ, ಮಾತಾಡಲಿ, ಮುಖ್ಯವಾಗಿ ಉಣ್ಣಲಿ ಅಂತ.

ಆಮೇಲೆ ವಿಚಾರಣೆ. ಅನಿ ಅನ್ನುವ ಬರಹಗಾರನಿಗಾಗಿ ಬರೆಸಿದ ಪಪೈರಸ್ ಸುರುಳಿ ಆ ಮ್ಯೂಸಿಯಂನ ಸಂಗ್ರಹದಲ್ಲಿದೆ. ಕ್ರಿ.ಪೂ. 1250ರ ಆಸುಪಾಸಿನದು, ಸುಮಾರು 78 ಅಡಿ ಉದ್ದ. ಅದರ ಚಿತ್ರವನ್ನು ಮಗ ಫೋನಿನಲ್ಲಿ ದೊಡ್ಡದು ಮಾಡಿ ತೋರಿಸಿದ. ನಡುವೆ ಒಂದು ತಕ್ಕಡಿ. ಒಂದು ತಟ್ಟೆಯಲ್ಲಿ ಸತ್ತವನ ಹೃದಯ, ಇನ್ನೊಂದರಲ್ಲಿ ಒಂದು ಗರಿ. ಗರಿ ಅಂದರೆ ಮಾತ್, ಸತ್ಯ ಮತ್ತು ನ್ಯಾಯದ ದೇವತೆ. ನರಿಮುಖದ ಅನುಬಿಸ್ ತಕ್ಕಡಿಯ ಮುಳ್ಳು ನೋಡುತ್ತಾನೆ. ಕೊಕ್ಕರೆಮುಖದ ಥೋತ್ ಬರೆದುಕೊಳ್ಳುತ್ತಾನೆ, ನಮ್ಮ ಚಿತ್ರಗುಪ್ತನ ಹಾಗೆ. ಅವನ ಹಿಂದೆ ಅಮ್ಮಿತ್ ಕಾದು ಕೂತಿದೆ. ಮೊಸಳೆಯ ತಲೆ, ಸಿಂಹದ ಮುಂಭಾಗ, ನೀರಾನೆಯ ಹಿಂಭಾಗ. ಹೃದಯ ಗರಿಗಿಂತ ಭಾರವಾದರೆ ಅದನ್ನು ತಿಂದುಬಿಡುತ್ತದೆ, ಅಲ್ಲಿಗೆ ಆ ಜೀವದ ಕಥೆ ಮುಗೀತು. ಹಗುರವಾಗಿದ್ದರೆ ಒಸೈರಿಸನ ಮುಂದೆ ಪ್ರವೇಶ. ತಮ್ಮನೇ ಕೊಂದು ಹಾಕಿದ, ಹೆಂಡತಿ ಐಸಿಸ್ ಹುಡುಕಿ ಹುಡುಕಿ ಮತ್ತೆ ಜೀವ ಬರಿಸಿದ ದೇವರು ಅವನು. ಸತ್ತವರ ಲೋಕಕ್ಕೆ ಅವನೇ ದೊರೆ.

ವಿಚಾರಣೆಯಲ್ಲಿ 42 ಮಂದಿ ನ್ಯಾಯಾಧೀಶ ದೇವತೆಗಳ ಮುಂದೆ ‘ನಾನು ಇಂಥ ತಪ್ಪು ಮಾಡಿಲ್ಲ’ ಅಂತ ಒಂದೊಂದಾಗಿ ಹೇಳಬೇಕು. ಕೊಂದಿಲ್ಲ, ಕದ್ದಿಲ್ಲ, ತಕ್ಕಡಿಯಲ್ಲಿ ಮೋಸ ಮಾಡಿಲ್ಲ, ಹೀಗೆ. ಅದೇ ಅಧ್ಯಾಯದಲ್ಲಿ, ಯಾರನ್ನೂ ಅಳಿಸಿಲ್ಲ, ಯಾರನ್ನೂ ಹಸಿದಿರಲು ಬಿಟ್ಟಿಲ್ಲ ಅಂತಲೂ ಹೇಳಬೇಕಂತೆ.

ಮಗ ಅದನ್ನು ಓದಿ ಹೇಳಿದಾಗ ನಾನು ‘ಕಾಲು ನೋಯ್ತಿದೆ ಕಣೋ’ ಅಂತ ಬೆಂಚಿನ ಮೇಲೆ ಕೂತುಬಿಟ್ಟೆ. ನೋಯ್ತಿದ್ದದ್ದು ಕಾಲಲ್ಲ.

ಈಗ ನಮ್ಮ ಅವ್ವನ ವಿಷಯ ಹೇಳಬೇಕು.

ನಮ್ಮದು ತುಮಕೂರು ಕಡೆಯ ಹಳ್ಳಿ. ಹಲಸು ಅಲ್ಲಿಯ ಮಣ್ಣಿನಲ್ಲೇ ಇದೆ. ತೋಟದ ಬದುವಿನಲ್ಲಿ ನಮ್ಮದೇ ಒಂದು ಮರ, ಕೆಂಪು ತೊಳೆಯದು. ಅವ್ವನಿಗೆ ಹಲಸು ಅಂದರೆ ಪ್ರಾಣ. ಕೈಗೆ ಎಣ್ಣೆ ಹಚ್ಚಿಕೊಂಡು ಹಣ್ಣು ಬಿಡಿಸೋಕೆ ಕೂತಳು ಅಂದರೆ ಓಣಿಯ ಮಕ್ಕಳೆಲ್ಲ ಅಲ್ಲೇ.

ಆರು ವರ್ಷದ ಹಿಂದೆ, ಜೂನ್ ತಿಂಗಳಲ್ಲಿ, ಅವ್ವನನ್ನು ಚಿಕಿತ್ಸೆಗೆ ಅಂತ ಬೆಂಗಳೂರಿಗೆ ನಮ್ಮ ಮನೆಗೆ ಕರೆತಂದಿದ್ದೆ. ಸಕ್ಕರೆ ಕಾಯಿಲೆ ಹಳೆಯದು. ಆಗ ಮುನ್ನೂರು ದಾಟಿತ್ತು. ಡಾಕ್ಟರು ಊಟದ ಪಟ್ಟಿ ಬರೆದುಕೊಟ್ಟಿದ್ದರು. ನಾನು ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಟೈಮ್ ಟೇಬಲ್ ಥರ ಪಾಲಿಸುತ್ತಿದ್ದೆ. ಒಂದು ಮಧ್ಯಾಹ್ನ ಬೀದಿಯಲ್ಲಿ ಹಲಸಿನ ಹಣ್ಣಿನ ಗಾಡಿ ಬಂತು. ಅವ್ವ ಕಿಟಕಿ ಹತ್ತಿರ ಕೂತಿದ್ದಳು. ವಾಸನೆ ಒಳಗೆ ತುಂಬಿತು.

‘ಒಂದೇ ಒಂದು ತೊಳೆ ತಗಂಬಾ ಮಗಾ’ ಅಂದಳು.

‘ಸುಮ್ನಿರವ್ವ. ಶುಗರ್ ಎಷ್ಟಿದೆ ಗೊತ್ತಾ? ವಾಸಿಯಾಗಲಿ, ಮುಂದಿನ ವರ್ಷ ಇಡೀ ಹಣ್ಣು ತಿನ್ನುವಂತೆ’ ಅಂದೆ. ತರಗತಿಯಲ್ಲಿ ಮಾತಾಡೋ ದನಿಯಲ್ಲೇ ಅಂದೆ.

ಅವ್ವ ಮತ್ತೆ ಕೇಳಲಿಲ್ಲ. ಗಾಡಿ ಬೀದಿಯ ತಿರುವು ದಾಟುವ ತನಕ ನೋಡುತ್ತಾ ಕೂತಿದ್ದಳು. ಜುಲೈನಲ್ಲಿ ಊರಿಗೆ ವಾಪಸು ಹೋದಳು. ಆಗಸ್ಟಿನಲ್ಲಿ ಪಾರ್ಶ್ವವಾಯು ಹೊಡೆದು, ನಾಲ್ಕನೇ ದಿನ ಹೋಗಿಬಿಟ್ಟಳು. ಮುಂದಿನ ವರ್ಷ ಅನ್ನೋದು ಬರಲೇ ಇಲ್ಲ.

ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರ ಎಡೆ ಇಡುತ್ತೇವೆ. ಹೋದವರಿಗೆ ಏನೇನು ಇಷ್ಟವೋ ಎಲ್ಲ ಎಲೆಯ ಮೇಲೆ ಬರಬೇಕು. ಅಪ್ಪನಿಗೆ ಒಂದು ಕಟ್ಟು ಬೀಡಿ, ಅವ್ವನಿಗೆ ಎಲೆ ಅಡಿಕೆ ಹೊಗೆಸೊಪ್ಪು, ಹೊಸ ಸೀರೆ, ಕಜ್ಜಾಯ, ವಡೆ. ಧೂಪ ಹಾಕಿ, ಬಾಗಿಲು ಮುಂದೆ ಮಾಡಿ, ಅವರು ಉಣ್ಣಲಿ ಅಂತ ಸ್ವಲ್ಪ ಹೊತ್ತು ಎಲ್ಲರೂ ಹೊರಗೆ ನಿಲ್ಲುತ್ತೇವೆ. ಪ್ರತಿ ವರ್ಷ ಆ ಮುಚ್ಚಿದ ಬಾಗಿಲ ಮುಂದೆ ನಿಂತಾಗ ನನ್ನ ತಲೆಯಲ್ಲಿ ಒಂದೇ ಮಾತು. ಎಲೆ ತುಂಬಾ ಇದೆ, ಹಲಸಿನ ತೊಳೆ ಮಾತ್ರ ಇಲ್ಲ. ಮಹಾಲಯ ಬರುವುದು ಸೆಪ್ಟೆಂಬರ್, ಅಕ್ಟೋಬರಿಗೆ. ಅಷ್ಟೊತ್ತಿಗೆ ನಮ್ಮ ಮರದ ಹಣ್ಣೆಲ್ಲ ಮುಗಿದಿರುತ್ತೆ. ಇದನ್ನು ನಾನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಹೇಳಿದರೆ ‘ಅಯ್ಯೋ, ಅವರ ಒಳ್ಳೇದಕ್ಕೇ ಅಲ್ವಾ ಬೇಡ ಅಂದಿದ್ದು’ ಅಂತಾರೆ. ಅದು ನನಗೂ ಗೊತ್ತು. ಗೊತ್ತಿದ್ದರೂ ಹೋಗೋದಿಲ್ಲವಲ್ಲ!

ಬೆಂಚಿನ ಮೇಲಿಂದ ಏಳಿಸಿ ಮಗ ‘ಇಲ್ಲೇ ಹತ್ತಿರದಲ್ಲಿ ಇನ್ನೊಂದು ಚಿಕ್ಕ ಮ್ಯೂಸಿಯಂ ಇದೆ, ಅಷ್ಟು ಜನ ಇರಲ್ಲ, ನಿಧಾನಕ್ಕೆ ನೋಡಬಹುದು’ ಅಂದ. ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಪೆಟ್ರಿ ಮ್ಯೂಸಿಯಂ. ಫ್ಲಿಂಡರ್ಸ್ ಪೆಟ್ರಿ ಅನ್ನೋ ಪುರಾತತ್ವಜ್ಞ ಈಜಿಪ್ಟಿನಲ್ಲಿ ಅಗೆದು ಕೂಡಿಹಾಕಿದ್ದನ್ನು 1913ರಲ್ಲಿ ಆ ಕಾಲೇಜಿಗೆ ಮಾರಿದರಂತೆ. ರಾಜರ ವೈಭವ ಹುಡುಕಿಕೊಂಡು ಹೋದವರಿಗೆ ಅಲ್ಲಿ ನಿರಾಸೆಯಾಗಬಹುದು. ಹಳೇ ಕಾಲದ ಅಂಗಡಿಯ ಹಾಗೆ ಸಾಲು ಸಾಲು ಗಾಜಿನ ಬೀರು. ಒಳಗೆ ಮಡಕೆ, ಮಣಿ, ಬಾಚಣಿಗೆ, ಆಟಿಕೆ. 5,000 ವರ್ಷ ಹಳೆಯ ಒಂದು ನೇಯ್ದ ಅಂಗಿ ಕೂಡ ಇದೆ. ನನಗಂತೂ ನಮ್ಮ ಅಜ್ಜಿಯ ಅಟ್ಟ ಹತ್ತಿದ ಹಾಗಾಯಿತು.

ಅಲ್ಲೊಂದು ಮಣ್ಣಿನ ಬಟ್ಟಲು. ನೋಡೋಕೆ ಏನೂ ಚಂದ ಇಲ್ಲ. ಒಳಗೂ ಹೊರಗೂ ಮಸಿಯಲ್ಲಿ ಬರೆದಿದ್ದಾರೆ. ನಾನು ಮುಂದೆ ಹೋಗುತ್ತಿದ್ದೆ. ಮಗ ಫೋನಿನಲ್ಲಿ ಅದರ ವಿವರ ಹುಡುಕುತ್ತಾ ನಿಂತವನು, ‘ಅಮ್ಮ, ಇದು ಕಾಗದ ಕಣಮ್ಮ. ಸತ್ತೋದ ಅಪ್ಪ ಅಮ್ಮನಿಗೆ ಬರೆದಿರೋ ಕಾಗದ’ ಅಂದ.

ಕೌ ಅನ್ನೋ ಊರಿನ ಸಮಾಧಿಯಲ್ಲಿ ಸಿಕ್ಕ ಬಟ್ಟಲು. 4,000 ವರ್ಷಕ್ಕೂ ಹಳೆಯದು. ಬರೆದವನ ಹೆಸರು ಶೆಪ್ಸಿ. ಒಂದು ಬದಿ ತಂದೆಗೆ, ಇನ್ನೊಂದು ಬದಿ ತಾಯಿಗೆ. ಇಂಥ ಕಾಗದಗಳು ಹೆಚ್ಚಿಗೆ ಸಿಕ್ಕಿಲ್ಲ, ಎಲ್ಲ ಸೇರಿ ಇಪ್ಪತ್ತರ ಆಸುಪಾಸು ಅಷ್ಟೇ. ಗಾರ್ಡಿನರ್ ಮತ್ತು ಸೇಠೆ ಅನ್ನೋ ಇಬ್ಬರು ವಿದ್ವಾಂಸರು 1928ರಲ್ಲಿ ಇವುಗಳ ಬಗ್ಗೆ ಒಂದು ಪುಸ್ತಕ ತಂದರು. ಕೆಲವನ್ನು ಹೀಗೆ ಊಟದ ಬಟ್ಟಲಿನ ಮೇಲೇ ಬರೆಯುತ್ತಿದ್ದರು. ಉಣ್ಣೋಕೆ ಬಂದವರು ಓದಲೇಬೇಕಲ್ಲ! ಎಂಥ ಉಪಾಯ ನೋಡಿ.

ಬರೆದಿರೋದು ಏನು ಅಂತೀರಿ? ಆಸ್ತಿ ಜಗಳ, ಮನೆ ರಗಳೆ. ತನಗೂ ತನ್ನ ಮಕ್ಕಳಿಗೂ ಅನ್ಯಾಯವಾಗುತ್ತಿದೆ, ಸತ್ತುಹೋದ ಅಣ್ಣತಮ್ಮನೊಬ್ಬ ತೊಂದರೆ ಕೊಡುತ್ತಿದ್ದಾನೆ, ಬೇರೆ ಊರಿನಿಂದ ತಂದು ಅವನಿಗೆ ಮಣ್ಣು ಮಾಡಿದ್ದೂ ನಾನೇ, ನೀವೇ ನ್ಯಾಯ ಹೇಳಿ ಅಂತ. ನಮ್ಮ ವಂಶಕ್ಕೆ ಕೇಡಾದರೆ ಆಮೇಲೆ ನಿಮಗೆ ನೀರು ಬಿಡುವವರು ಯಾರು ಅಂತಲೂ ಹೆದರಿಸಿದ್ದಾನೆ. ನಮ್ಮೂರ ಪಂಚಾಯಿತಿ ಕಟ್ಟೆಯ ಮಾತೇ.

ಆದರೆ ತಾಯಿಗೆ ಬರೆದ ಕಡೆ, ಜಗಳ ಶುರು ಮಾಡುವ ಮುಂಚೆ, ಅವನು ಒಂದು ಹಳೇ ವಿಷಯ ನೆನಪು ಮಾಡುತ್ತಾನೆ. ತಿನ್ನೋಕೆ ಲಾವಕ್ಕಿ ತಂದುಕೊಡು ಅಂತ ಅವತ್ತು ನೀನು ಕೇಳಿದ್ದೆ, ನಾನು ಏಳು ಹಕ್ಕಿ ತಂದುಕೊಟ್ಟೆ, ನೀನು ತಿಂದೆ ಅಂತ.

ಅಷ್ಟೇ. 4,000 ವರ್ಷದಲ್ಲಿ ಎಷ್ಟು ರಾಜ್ಯ ಮುಳುಗಿತೋ, ಎಷ್ಟು ದೇವರ ಹೆಸರು ಜನರ ಬಾಯಿಂದ ಹೋಯಿತೋ. ಒಬ್ಬ ತಾಯಿ ಲಾವಕ್ಕಿ ಕೇಳಿದ್ದು, ಮಗ ಏಳು ತಂದಿದ್ದು, ಎಣಿಕೆ ಸಮೇತ ಉಳಿದಿದೆ.

ನಾನು ಗಾಜಿನ ಮುಂದೆ ನಿಂತು ಅತ್ತುಬಿಟ್ಟೆ. ಮಗ ಗಾಬರಿಯಾದ. ಆ ಶೆಪ್ಸಿಯ ಕೈಯಲ್ಲಿ ಏಳು ಹಕ್ಕಿ ಇದ್ದವು, ತೋರಿಸಿ ಕೇಳೋಕೆ. ನನ್ನ ಕೈಯಲ್ಲಿ ಏನಿದೆ? ಫ್ರಿಜ್ಜಿಗೆ ಅಂಟಿಸಿದ ಪಟ್ಟಿ.

ಅಲ್ಲೇ ಹೊರಗಿನ ಕಟ್ಟೆಯ ಮೇಲೆ ಕೂತು ಮಗನಿಗೆ ಎಲ್ಲ ಹೇಳಿದೆ. ಅವನು ಬುದ್ಧಿ ಹೇಳೋಕೆ ಬರಲಿಲ್ಲ, ಅದೇ ದೊಡ್ಡದು. ಸ್ವಲ್ಪ ಹೊತ್ತು ಸುಮ್ಮನಿದ್ದು, ಫೋನಿನಲ್ಲಿ ಓದಿದ ಇನ್ನೊಂದು ಕಾಗದದ ಕಥೆ ಹೇಳಿದ. ಅದು ಹಾಲೆಂಡಿನ ಲೈಡನ್ ಮ್ಯೂಸಿಯಂನಲ್ಲಿದೆಯಂತೆ. ಹೆಂಡತಿ ತೀರಿಹೋದ ಮೇಲೆ ಗಂಡನೊಬ್ಬ ಅವಳಿಗೆ ಬರೆದದ್ದು. ನಾನೇನು ತಪ್ಪು ಮಾಡಿದೆ ಅಂತ ನನ್ನನ್ನು ಹೀಗೆ ಕಾಡುತ್ತೀಯ ಅಂತ ಕೇಳುತ್ತಾನೆ. ನಿನಗೆ ಕಾಯಿಲೆಯಾದಾಗ ದೊಡ್ಡ ವೈದ್ಯನನ್ನು ಕರೆಸಿದ್ದೆ, ನೀನು ಹೋದಾಗ ನಾನು ರಾಜನ ಜೊತೆ ದೂರದಲ್ಲಿದ್ದೆ, ಬಂದು ನಿನಗಾಗಿ ಅತ್ತೆ ಅಂತ ಒಂದೊಂದೇ ಎಣಿಸುತ್ತಾನೆ. ಕೇಳುತ್ತಾ ನನಗನ್ನಿಸಿತು, ಅವನನ್ನು ಕಾಡುತ್ತಿದ್ದುದು ಹೆಂಡತಿಯಲ್ಲ. ಹತ್ತಿರ ಇರಲಿಲ್ಲವಲ್ಲ ಅನ್ನೋ ಅವನದೇ ಮನಸ್ಸು.

ಈಜಿಪ್ಟಿನವರಿಗೆ ಇದೂ ಗೊತ್ತಿತ್ತು. ಜೀರುಂಡೆಯ ಆಕಾರದ ಕಲ್ಲಿನ ತಾಯಿತ ಮಾಡಿ, ಮಂತ್ರ ಕೆತ್ತಿ, ಸತ್ತವರ ಎದೆಯ ಮೇಲೆ ಇಡುತ್ತಿದ್ದರು. ವಿಚಾರಣೆಯಲ್ಲಿ ಹೃದಯ ತನ್ನ ಯಜಮಾನನ ವಿರುದ್ಧವೇ ಸಾಕ್ಷಿ ಹೇಳದಿರಲಿ ಅಂತ ಬೇಡುವ ಮಂತ್ರ ಅದು. 42 ನ್ಯಾಯಾಧೀಶರಿಗಿಂತ, ಮೊಸಳೆ ತಲೆಯ ಅಮ್ಮಿತ್‌ಗಿಂತ ಅವರು ಹೆದರಿದ್ದು ಯಾವುದಕ್ಕೆ ಅಂತ ನನಗೆ ಅವತ್ತು ಅರ್ಥವಾಯಿತು.

ಆ ರಾತ್ರಿ ಊರಿಗೆ ಫೋನ್ ಮಾಡಿದೆ. ಅಣ್ಣಯ್ಯ ಎತ್ತಿದ. ಬಟ್ಟಲಿನ ಕಥೆ ಹೇಳುತ್ತಾ ಹೇಳುತ್ತಾ ಬಾಯಿ ತಪ್ಪಿ ಹಲಸಿನ ತೊಳೆಯ ವಿಷಯವೂ ಬಂದುಬಿಟ್ಟಿತು. ಆ ಕಡೆ ಸದ್ದೇ ಇಲ್ಲ. ಲೈನು ಕಟ್ಟಾಯಿತೇನೋ ಅಂದುಕೊಂಡೆ.

‘ನಾನು ಕೊಟ್ಟಿದ್ದೆ ಕಣವ್ವಾ’ ಅಂದ.

‘ಏನು?’

‘ಜುಲೈನಾಗೆ ಊರಿಗೆ ಬಂದಳಲ್ಲ, ಆಗ. ಮರದಾಗೆ ಕಡೇ ಹಣ್ಣಿತ್ತು. ಕೇಳಿದ್ಲು. ನಿಮ್ಮತ್ತಿಗೆಗೆ ಕಾಣದಂಗೆ ನಾಕು ತೊಳೆ ಕೊಟ್ಟೆ. ಮಾರನೇ ದಿನಾನೂ ಕೊಟ್ಟೆ. ಆಮ್ಯಾಕೆ ತಿಂಗಳು ತುಂಬೋದ್ರೊಳಗೆ ಹಂಗಾಯ್ತು. ನಾನೇ ಕೊಂದೆ ಅಂತ ಇವತ್ತಿಗೂ... ನಿಂಗೆ ಹೆಂಗೆ ಹೇಳಲಿ? ನೀನು ಅಷ್ಟು ಜೋಪಾನ ಮಾಡಿ ಕಳಿಸಿದ್ದೆ.’

ಅಣ್ಣಯ್ಯನಿಗೆ ಈಗ 66 ವರ್ಷ. ಅವ್ವನ ಮಣ್ಣಿನಲ್ಲೂ ಅವನು ಅತ್ತಿದ್ದನ್ನು ನಾನು ನೋಡಿರಲಿಲ್ಲ. ಫೋನಿನಲ್ಲಿ ಅತ್ತ. ಕೊಡಲಿಲ್ಲ ಅಂತ ನಾನು, ಕೊಟ್ಟೆ ಅಂತ ಅವನು, ಐದು ವರ್ಷ ಒಂದೇ ಎಲೆಗೆ ಎಡೆ ಬಡಿಸಿ, ಒಂದೇ ಬಾಗಿಲ ಮುಂದೆ ಪಕ್ಕಪಕ್ಕದಲ್ಲಿ ನಿಂತಿದ್ದೆವು. ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ.

‘ಎಂಟು ತೊಳೆಗೆ ಯಾರೂ ಸಾಯಲ್ಲ ಅಣ್ಣಯ್ಯ, ಅವಳ ಬಿ.ಪಿ., ಶುಗರ್ ಇಪ್ಪತ್ತು ವರ್ಷದ್ದು’ ಅಂದೆ. ನಿಜ ಹೇಳಬೇಕೆಂದರೆ, ಅವನು ‘ಕೊಟ್ಟಿದ್ದೆ’ ಅಂದ ಕ್ಷಣ ನನಗೆ ಸಿಟ್ಟು ಬಂದಿತ್ತು. ಆ ಸಿಟ್ಟು ಎಲ್ಲಿ ಹೋಯಿತೋ! ಅವ್ವ ಹಲಸು ತಿಂದೇ ಹೋದಳಲ್ಲ ಅನ್ನೋದು ನಿಧಾನಕ್ಕೆ ಒಳಗೆ ಇಳಿಯಿತು.

‘ಹೆಂಗೆ ತಿಂದ್ಲು?’ ಅಂತ ಕೇಳಿದೆ.

‘ಹೆಂಗೆ ತಿಂತಾಳೆ, ಬೀಜ ಸೀಪಿ ಸೀಪಿ ಸೆರಗಿನಾಗೆ ಕಟ್ಕಂಡ್ಲು. ಸಾರಿಗೆ ಹಾಕ್ತೀನಿ ಅಂತ’ ಅಂದ. ಇಬ್ಬರೂ ನಕ್ಕೆವು.

ಜೂನಿನಲ್ಲಿ ನಾನು ವಾಪಸು ಬಂದೆ. ಎರಡನೇ ಭಾನುವಾರ ಊರಿಗೆ ಹೋದೆ. ಅಮಾವಾಸ್ಯೆಯೂ ಅಲ್ಲ, ಹಬ್ಬವೂ ಅಲ್ಲ. ಅಣ್ಣಯ್ಯ ಬದುವಿನ ಮರದಿಂದ ಹಣ್ಣು ಇಳಿಸಿ, ಕೈಗೆ ಎಣ್ಣೆ ಹಚ್ಚಿಕೊಂಡು ಬಿಡಿಸಿದ. ತೋಟದಲ್ಲಿ ಅಪ್ಪ, ಅವ್ವನ ಗುಡ್ಡೆ ಪಕ್ಕಪಕ್ಕ ಇದೆ. ಮುತ್ತುಗದ ಎಲೆಯ ಮೇಲೆ ತೊಳೆ ಇಟ್ಟೆವು. ಎಷ್ಟಿಡೋಣ ಅಂತ ಅವನು ಕೇಳಿದ. ‘ಏಳು’ ಅಂದೆ.

ಬಾಗಿಲು ಮುಂದೆ ಮಾಡೋಕೆ ಅಲ್ಲಿ ಬಾಗಿಲಿಲ್ಲ. ಬೆನ್ನು ತಿರುಗಿಸಿ ನಿಂತುಕೊಂಡೆವು. ಈಜಿಪ್ಟಿನ ದೇವಸ್ಥಾನಗಳಲ್ಲೂ ದೇವರ ಮುಂದೆ ಇಟ್ಟ ರೊಟ್ಟಿ, ಮಾಂಸ ಆಮೇಲೆ ಪೂಜಾರಿಗಳ ಪಾಲಿಗೆ ಹೋಗುತ್ತಿತ್ತು. ಹೋದವರು, ದೇವರು ಉಂಡ ಮೇಲೆ ಉಳಿದದ್ದು ಇದ್ದವರಿಗೆ. ನಾವೂ ಸ್ವಲ್ಪ ಹೊತ್ತು ಬಿಟ್ಟು, ಬುಟ್ಟಿಯಲ್ಲಿ ಉಳಿದಿದ್ದ ತೊಳೆಗೆ ಕೈ ಹಾಕಿದೆವು.

ಅಣ್ಣಯ್ಯ ಒಂದು ತಿಂದ. ಇನ್ನೊಂದು ತೆಗೆದುಕೊಂಡ. ದೂರದಿಂದ ಅತ್ತಿಗೆ ಕೂಗಿದರು, ‘ಸಾಕು ಕಣ್ರೀ, ಹೋದ ವಾರ ಶುಗರ್ ಎಷ್ಟು ಬಂದೈತೆ ನೆಪ್ಪೈತಾ?’

ಅವನು ನನ್ನ ಮುಖ ನೋಡಿದ. ಕೈಯಲ್ಲಿ ತೊಳೆ ಹಾಗೇ ಇತ್ತು. ‘ಏನವ್ವಾ, ತಿನ್ನಲಾ ಬಿಡಲಾ?’

ನನ್ನ ಹತ್ತಿರ ಇವತ್ತಿಗೂ ಆ ಪ್ರಶ್ನೆಗೆ ಉತ್ತರ ಇಲ್ಲ. ಅರ್ಧ ಸೀಳಿ, ಒಂದು ಅರ್ಧ ಅವನ ಕೈಗಿಟ್ಟು, ಇನ್ನೊಂದು ನಾನು ತಿಂದೆ. ಬೀಜವನ್ನು ಸೆರಗಿಗೆ ಕಟ್ಟಿಕೊಂಡೆ.